ಡಿಸ್ಕ್ ಬ್ರೇಕಿನ ಆರೈಕೆ: ಮನೆಯಲ್ಲೇ ಮಾಡಿಕೊಳ್ಳಬಹುದಾದ ಕೆಲಸ



ಕಳೆದ ಮಳೆಗಾಲ ಮುಗಿದ ಮೇಲೆ ನಮ್ಮಲ್ಲೊಬ್ಬರು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದರು. ಬೈಕಿನ ಹಿಂದೆ ಅರ್ಧ ಮೂಟೆ ಅಡಿಕೆ. ನಾಲ್ಕಾರು ತಿರುವು ಕಳೆಯುವಷ್ಟರಲ್ಲಿ ಮುಂದಿನ ಬ್ರೇಕಿನ ಹಿಡಿ ಮೆತ್ತಗಾಗಿ, ಕೊನೆಗೆ ಹ್ಯಾಂಡಲಿಗೇ ತಾಗಿಬಿಟ್ಟಿತು. ಗೇರು ಇಳಿಸುತ್ತ, ಹಿಂದಿನ ಬ್ರೇಕು ಒತ್ತುತ್ತ, ಧರೆಯ ಪಕ್ಕದ ಚರಂಡಿಗೆ ಗಾಡಿಯನ್ನು ಇಳಿಸಿ ಪಾರಾದರು. ಮಂಡಿ ಕೆತ್ತಿಹೋದದ್ದು ಬಿಟ್ಟರೆ ಬೇರೆ ಪೆಟ್ಟಾಗಲಿಲ್ಲ. ಗಾಡಿಯನ್ನು ಮನೆಗೆ ತಂದು ನಾವು ಬಿಚ್ಚಿ ನೋಡಿದಾಗ ಎರಡು ದೋಷ ಕಂಡವು. ಕ್ಯಾಲಿಪರಿನ ಒಂದು ಪಿಸ್ಟನ್ ಕೆಸರು ತುಂಬಿ ಬಿಗಿದುಕೊಂಡಿತ್ತು. ಬ್ರೇಕ್ ಆಯಿಲ್ ನಾಲ್ಕು ವರ್ಷ ಹಳೆಯದು, ಬಣ್ಣ ಕಾಫಿ ಡಿಕಾಕ್ಷನ್ನಿನಂತಿತ್ತು.

ಈ ಎರಡು ದೋಷಗಳಿಗೂ ಸಂಬಂಧವಿದೆ. ಹಿಡಿ ಬಿಟ್ಟಾಗ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಸೀಲು ಅದನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯಬೇಕು. ಕೆಸರು, ತುಕ್ಕು ಹಿಡಿದರೆ ಪಿಸ್ಟನ್ ಹಿಂದೆ ಸರಿಯದು. ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇದ್ದು ಕ್ಯಾಲಿಪರ್ ಕಾಯುತ್ತದೆ. ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣವಿದೆ. ಹೊಸ ಡಾಟ್ 4 ಆಯಿಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ಶೇ. 3.7ರಷ್ಟು ನೀರು ಸೇರಿದ ಮೇಲೆ ಅದಕ್ಕಿರುವ ಮಿತಿ 155 ಡಿಗ್ರಿ ಮಾತ್ರ. ಕುದಿದರೆ ಆವಿಯ ಗುಳ್ಳೆಗಳು ಏಳುತ್ತವೆ. ದ್ರವ ಕುಗ್ಗದು, ಆವಿ ಕುಗ್ಗುತ್ತದೆ. ಗಾಳಿ ಎಳೆದ ನೀರಿನ ಪಂಪು ಎಷ್ಟು ತಿರುಗಿದರೂ ನೀರೆತ್ತದು, ಇಲ್ಲಿಯೂ ಹಾಗೆಯೇ. ನಮ್ಮ ಕಡೆಯ ಮಳೆ, ತೇವ, ಇಳಿಜಾರು ಮೂರೂ ಈ ತೊಂದರೆಯನ್ನು ಹೆಚ್ಚಿಸತಕ್ಕವೇ.

ಇನ್ನೊಂದು ಮಾತು. ಬೋರ್ಡೋ ಮಿಶ್ರಣಕ್ಕೆ ಸುಣ್ಣ ಸಾಲದಾಗ ಅದರಲ್ಲಿ ಅದ್ದಿದ ಚೂರಿಗೆ ತಾಮ್ರದ ಕೆಂಪು ಹಿಡಿಯುವುದನ್ನು ಎಲ್ಲರೂ ಬಲ್ಲರು. ಮೈಲುತುತ್ತ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತದೆ. ಮದ್ದಿನ ಡ್ರಮ್ಮಿನ ಹತ್ತಿರ ಗಾಡಿ ನಿಲ್ಲಿಸಬಾರದು. ಸಿಡಿದರೆ ಅಂದೇ ನೀರಿನಿಂದ ತೊಳೆಯಬೇಕು.

ಬೇಕಾದ ಸಾಮಾನು: ರಿಂಗ್ ಸ್ಪ್ಯಾನರುಗಳು, ಸರಿಯಾಗಿ ಕೂರುವ ಸ್ಕ್ರೂಡ್ರೈವರ್, ಹಳೆಯ ಹಲ್ಲುಜ್ಜುವ ಬ್ರಶ್, ಸಾಬೂನು ನೀರು, ನಿಪ್ಪಲಿಗೆ ಬಿಗಿಯಾಗಿ ಕೂರುವ ಪಾರದರ್ಶಕ ಕೊಳವೆ, ಸಣ್ಣ ಬಾಟಲಿ, ಬಟ್ಟೆ, ಸೀಲು ಒಡೆಯದ ಹೊಸ ಬ್ರೇಕ್ ಆಯಿಲ್. ಯಾವ ಆಯಿಲು ಎಂಬುದು ಡಬ್ಬಿಯ ಮುಚ್ಚಳದ ಮೇಲೆಯೇ ಬರೆದಿರುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ಜಾತಿಯದು. ಅದನ್ನು ಡಾಟ್ 3 ಅಥವಾ 4ರೊಂದಿಗೆ ಬೆರೆಸಕೂಡದು.

ಶುಚಿ ಮಾಡುವ ಕ್ರಮ

1. ಗಾಡಿಯನ್ನು ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಅಡಿಕೆ, ಕಾಫಿ ಒಣಗಿಸುವ ಅಂಗಳದಲ್ಲಿ ಈ ಕೆಲಸ ಬೇಡ. ಬ್ರೇಕ್ ಆಯಿಲು ವಿಷ.

2. ಕ್ಯಾಲಿಪರ್ ಫೋರ್ಕಿನಲ್ಲಿ ಇರುವಾಗಲೇ ಪ್ಯಾಡಿನ ಪಿನ್ನನ್ನು ಸಡಿಲಿಸಿ. ಅನಂತರ ಕ್ಯಾಲಿಪರಿನ ಎರಡು ಬೋಲ್ಟು ಬಿಚ್ಚಿ. ಅದನ್ನು ಹೋಸಿನಲ್ಲಿ ನೇತಾಡಲು ಬಿಡದೆ ಹಗ್ಗದಿಂದ ಫೋರ್ಕಿಗೆ ಕಟ್ಟಿ.

3. ಪ್ಯಾಡುಗಳು ಕೂತಿದ್ದ ರೀತಿಯನ್ನು ಗಮನಿಸಿ ತೆಗೆಯಿರಿ. ಸವೆತದ ಗೆರೆ ಮಾಯವಾಗಿದ್ದರೆ ಅಥವಾ ಎಣ್ಣೆ ತಾಗಿದ್ದರೆ ಜೋಡಿಯಾಗಿಯೇ ಬದಲಿಸಬೇಕು.

4. ಪಿಸ್ಟನ್ನಿನ ಎದುರು ಮರದ ತುಂಡೊಂದನ್ನು ಇಟ್ಟು ಹಿಡಿಯನ್ನು ಮೆಲ್ಲಗೆ ಒತ್ತಿ, ಪಿಸ್ಟನ್ ನಾಲ್ಕೈದು ಮಿಲಿಮೀಟರ್ ಹೊರಬರುವಂತೆ ಮಾಡಿ. ಪೂರ್ತಿ ಹೊರಬಂದರೆ ಆಯಿಲು ಚೆಲ್ಲಿ ಕೆಲಸ ಕೆಡುತ್ತದೆ.

5. ಸಾಬೂನು ನೀರು, ಬ್ರಶ್ಶಿನಿಂದ ಪಿಸ್ಟನ್ನಿನ ಸುತ್ತ ಉಜ್ಜಿ ಒರೆಸಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಮುಟ್ಟಿಸಬೇಡಿ. ಸೀಲಿನ ರಬ್ಬರು ಊದಿ ಹಾಳಾಗುತ್ತದೆ. ಉಪ್ಪುಕಾಗದ, ಚೂರಿ ಬಳಸಿದರೆ ಪಿಸ್ಟನ್ನಿಗೆ ಗೀರು ಬೀಳುತ್ತದೆ.

6. ಪಿಸ್ಟನ್ ಶುಚಿಯಾದ ಮೇಲೆಯೇ ಹೊಸ ಬ್ರೇಕ್ ಆಯಿಲಿನ ಪಸೆ ಸವರಿ, ಡಬ್ಬಿಯ ಮುಚ್ಚಳ ತೆರೆದು, ಕೈಯಿಂದ ಒಳಕ್ಕೆ ಒತ್ತಿ. ಶುಚಿ ಮಾಡದೆ ಒತ್ತಿದರೆ ಕೆಸರು ಸೀಲಿಗೆ ಸೇರುತ್ತದೆ. ಈ ಹೊತ್ತಿನಲ್ಲಿ ಡಬ್ಬಿಯ ಮಟ್ಟ ಏರುತ್ತದೆ, ಉಕ್ಕದಂತೆ ಕಣ್ಣಿಡಿ. ಪಿಸ್ಟನ್ ಅಲುಗದಿದ್ದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕನಿಗೆ ಒಪ್ಪಿಸಿ.

7. ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಒರೆಸಿ ಸಿಲಿಕೋನ್ ಗ್ರೀಸು ಹಚ್ಚಿ, ಪ್ಯಾಡು ಕೂಡಿಸಿ, ಬೋಲ್ಟುಗಳನ್ನು ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟು ಬಿಗಿ ಮಾಡಿ. ಪ್ಯಾಡು, ಡಿಸ್ಕಿಗೆ ಗ್ರೀಸಿನ ಕೈ ತಾಗಬಾರದು. ಕೊನೆಗೆ ಹಿಡಿಯನ್ನು ಗಟ್ಟಿಯಾಗುವ ತನಕ ಒತ್ತಿ.

ಗಾಳಿ ತೆಗೆಯುವ ಕ್ರಮ

ಹ್ಯಾಂಡಲನ್ನು ಡಬ್ಬಿ ಸಮತಟ್ಟಾಗುವಂತೆ ತಿರುಗಿಸಿ, ಪೆಟ್ರೋಲ್ ಟ್ಯಾಂಕಿಗೆ ಒದ್ದೆ ಬಟ್ಟೆ ಮುಚ್ಚಿ. ಬ್ರೇಕ್ ಆಯಿಲು ಬಣ್ಣವನ್ನು ತಿನ್ನುತ್ತದೆ. ಡಬ್ಬಿಯ ಹಳೆಯ ಆಯಿಲನ್ನು ಹೀರಿ ತೆಗೆದು ಹೊಸದನ್ನು ತುಂಬಿ. ಕ್ಯಾಲಿಪರಿನ ನಿಪ್ಪಲಿಗೆ ಮೊದಲು ರಿಂಗ್ ಸ್ಪ್ಯಾನರ್, ಅನಂತರ ಕೊಳವೆ ಹಾಕಿ. ಕೊಳವೆಯ ತುದಿ ಬಾಟಲಿಯಲ್ಲಿರುವ ಸ್ವಲ್ಪ ಹೊಸ ಆಯಿಲಿನಲ್ಲಿ ಮುಳುಗಿರಲಿ.

ಹಿಡಿಯನ್ನು ನಿಧಾನವಾಗಿ ಮೂರು ನಾಲ್ಕು ಬಾರಿ ಒತ್ತಿ, ಒತ್ತಿಯೇ ಹಿಡಿದಿರಿ. ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಆಯಿಲು, ಗುಳ್ಳೆ ಹೊರಬಂದು ಹಿಡಿ ಕೆಳಗಿಳಿಯುತ್ತದೆ. ನಿಪ್ಪಲನ್ನು ಬಿಗಿ ಮಾಡಿ, ಆಮೇಲೆಯೇ ಹಿಡಿಯನ್ನು ಬಿಡಿ. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿ ಒಳಹೋಗುತ್ತದೆ. ಹೊಸಬರು ಮಾಡುವ ದೊಡ್ಡ ತಪ್ಪು ಇದೇ. ಒಬ್ಬರು ಹಿಡಿಯ ಹತ್ತಿರ, ಒಬ್ಬರು ನಿಪ್ಪಲಿನ ಹತ್ತಿರ ಕೂತು ‘ಒತ್ತು’, ‘ಬಿಡು’ ಎಂದು ಕೂಗಿ ಹೇಳಿಕೊಂಡರೆ ಸುಲಭ.

ಐದಾರು ಬಾರಿಗೊಮ್ಮೆ ಡಬ್ಬಿಯನ್ನು ನೋಡಿ ತುಂಬುತ್ತಿರಿ. ಮಟ್ಟ ಕನಿಷ್ಠ ಗೆರೆಗಿಂತ ಕೆಳಗಿಳಿದು ಡಬ್ಬಿ ಬರಿದಾದರೆ ಮೊದಲಿನಿಂದ ಆರಂಭಿಸಬೇಕು. ಗುಳ್ಳೆ ನಿಂತು ತಿಳಿ ಬಣ್ಣದ ಆಯಿಲು ಬಂದಾಗ ಕೆಲಸ ಮುಗಿಯಿತು. ನಿಪ್ಪಲನ್ನು ಹದವಾಗಿ ಬಿಗಿ ಮಾಡಿ, ಅತಿಯಾದರೆ ಮುರಿಯುತ್ತದೆ. ಚೆಲ್ಲಿದ್ದನ್ನು ನೀರಿನಿಂದ ತೊಳೆಯಿರಿ.

ಪರೀಕ್ಷೆ

ಹಿಡಿಯನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿಯಿರಿ. ಇಳಿಯುತ್ತ ಹೋದರೆ ಎಲ್ಲೋ ಸೋರಿಕೆಯಿದೆ. ಚಕ್ರವನ್ನೆತ್ತಿ ತಿರುಗಿಸಿದರೆ ಸಲೀಸಾಗಿ ತಿರುಗಬೇಕು. ಮೊದಲು ಮನೆಯ ದಾರಿಯಲ್ಲಿ ನಡಿಗೆಯ ವೇಗದಲ್ಲಿ ನಾಲ್ಕಾರು ಬಾರಿ ಬ್ರೇಕು ಹಿಡಿದು ನೋಡಿ. ಹಿಡಿ ಇನ್ನೂ ಮೆತ್ತಗಿದ್ದರೆ ಮತ್ತೊಮ್ಮೆ ಗಾಳಿ ತೆಗೆಯಬೇಕು. ಅದೇ ಸ್ಥಿತಿಯಲ್ಲಿ ರಸ್ತೆಗೆ ಇಳಿಯಕೂಡದು.

ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ಹೆಚ್ಚಿನ ಎಲ್ಲ ಹೊಸ ಬೈಕುಗಳಿಗೂ ಎಬಿಎಸ್ ಕಡ್ಡಾಯವಾಗಿದೆ. ಅಂಥವುಗಳಲ್ಲಿಯೂ ಆಯಿಲು ಬದಲಿಸಲು ಸಾಮಾನ್ಯವಾಗಿ ಇದೇ ಕ್ರಮ ಸಾಕು. ಆದರೆ ಎಬಿಎಸ್ ಪೆಟ್ಟಿಗೆಯೊಳಗೆ ಗಾಳಿ ಹೊಕ್ಕಿದ್ದರೆ ಅದು ವರ್ಕ್‌ಶಾಪಿನ ಕೆಲಸ.

ತೆಗೆದ ಆಯಿಲನ್ನು ಬಾವಿ, ತೋಡು, ತೋಟದ ಕಪ್ಪಿಗೆ ಸುರಿಯಬೇಡಿ. ಡಬ್ಬಿಯಲ್ಲಿ ಮುಚ್ಚಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಬೇರೆಯಾಗಿಯೇ ಕೊಡಿ.

ಮಳೆಗಾಲ ಮುಗಿದ ಕೂಡಲೇ ಪ್ರತಿ ವರ್ಷ ಶುಚಿ, ಎರಡು ವರ್ಷಕ್ಕೊಮ್ಮೆ ಹೊಸ ಆಯಿಲು: ಇಷ್ಟು ರೂಢಿಯಾದರೆ ಸಾಕು. ಘಾಟಿ ಇಳಿಯುವಾಗ ಏರುವ ಗೇರಿನಲ್ಲೇ ಇಳಿಯುವ ಹಿರಿಯರ ಪಾಠವನ್ನೂ ಮರೆಯಬಾರದು. ನಮ್ಮ ಗೆಳೆಯರು ಈಗ ಕೊಯ್ಲಿಗೆ ಮುಂಚೆ ದೋಟಿ, ಗೋಣಿಯ ಜೊತೆಗೆ ಬ್ರೇಕನ್ನೂ ಸಿದ್ಧಪಡಿಸಿಕೊಳ್ಳುತ್ತಾರೆ. ಸದಸ್ಯರೆಲ್ಲರೂ ಹಾಗೆಯೇ ಮಾಡಬೇಕೆಂದು ನಮ್ಮ ಕೋರಿಕೆ.