ಭೂಖಂಡಗಳು ತೇಲುವ ಬಗೆ

ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಅಲ್ಲಿಯ ಹೆಬ್ಬಂಡೆಯನ್ನೇರದೆ ಹಿಂದಿರುಗುವುದು ವಿರಳ. ಕೆಂಪೇಗೌಡ ಗೋಪುರವನ್ನು ಹೊತ್ತು ನಿಂತಿರುವ ಆ ನೈಸ್ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಸಾಗರತಳದ ಶಿಲೆಯಾದರೋ ಬಹುತೇಕ ಎಲ್ಲೆಡೆಯೂ 20 ಕೋಟಿ ವರ್ಷಗಳಿಗಿಂತ ಕಿರಿಯದು. ಒಂದೇ ಭೂಮಿಯಲ್ಲಿ ಇಷ್ಟೊಂದು ಅಂತರವೇಕೆ? ಭೌತಶಾಸ್ತ್ರವನ್ನು ಅಭ್ಯಸಿಸುವ ನಾವು ಇದರ ಉತ್ತರವನ್ನು ಆರ್ಕಿಮಿಡೀಸನ ತತ್ತ್ವದಲ್ಲಿಯೇ ಅರಸಬಹುದು.

ಭೂಖಂಡಗಳ ಮೇಲ್ಭಾಗದಲ್ಲಿ ಗ್ರಾನೈಟ್ ಜಾತಿಯ ಹಗುರ ಶಿಲೆಗಳೇ ಹೆಚ್ಚು. ಕೆಳಗಿನ ಶಿಲೆಗಳನ್ನೂ ಸೇರಿಸಿದರೆ ಅವುಗಳ ಸರಾಸರಿ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 2.8 ಗ್ರಾಂ. ಸಾಗರತಳದ ಬಸಾಲ್ಟ್ ಕವಚದ್ದು ಸುಮಾರು 3. ಇವೆರಡರ ಅಡಿಯಲ್ಲಿರುವ ಮ್ಯಾಂಟಲ್ ಎಂಬ ಪದರದ್ದು ಸುಮಾರು 3.3. ಮ್ಯಾಂಟಲ್ ಘನವಸ್ತುವೇ ಆದರೂ ದೀರ್ಘಕಾಲದಲ್ಲಿ ಅತಿ ನಿಧಾನವಾಗಿ ಹರಿಯಬಲ್ಲದು. ಆದುದರಿಂದ ನೀರಿನಲ್ಲಿ ಮರದ ದಿಮ್ಮಿಯು ತೇಲುವಂತೆ ಭೂಖಂಡವು ಅದರ ಮೇಲೆ ತೇಲುತ್ತದೆ. 35 ಕಿ.ಮೀ. ದಪ್ಪದ ಭೂಖಂಡದಲ್ಲಿ ಮುಳುಗಿರುವ ಭಾಗ 35 × 2.8 ÷ 3.3, ಎಂದರೆ ಸುಮಾರು 30 ಕಿ.ಮೀ.; ಉಳಿದ 5 ಕಿ.ಮೀ. ಮೇಲೆದ್ದಿರುತ್ತದೆ. ಸಾಗರದ ಕವಚ ಕೇವಲ 7 ಕಿ.ಮೀ. ದಪ್ಪ, ಅದೇ ಸ್ಥೂಲ ಲೆಕ್ಕದಂತೆ ಮೇಲೇಳುವುದು ಅರ್ಧ ಕಿಲೋಮೀಟರಿಗಿಂತ ತುಸು ಹೆಚ್ಚು ಮಾತ್ರ. ಈ ತಗ್ಗಿನಲ್ಲಿಯೇ ಸಮುದ್ರದ ನೀರು ನಿಂತಿದೆ.

ಸಾಗರಮಧ್ಯದ ಏಣುಗಳಲ್ಲಿ ಹುಟ್ಟಿದ ತಳವು ದೂರ ಸರಿಯುತ್ತ ತಣ್ಣಗಾಗಿ ಭಾರವಾಗುತ್ತದೆ; ಕೊನೆಗೆ ಬಾಗಿ ಮ್ಯಾಂಟಲಿನೊಳಗೆ ಇಳಿಯುತ್ತದೆ. ಭೂಖಂಡವು ಹಗುರವಾದುದರಿಂದ ಹಾಗೆ ಸುಲಭವಾಗಿ ಇಳಿಯಲಾರದು. ಅದರಲ್ಲಿ ಪುರಾತನ ಶಿಲೆಗಳು ಉಳಿದಿರುವುದಕ್ಕೆ ಇದೇ ಕಾರಣ. ಅಷ್ಟೇ ಅಲ್ಲ, ಸಾಗರತಳದ ನಾಶವೇ ಭೂಖಂಡದ ಬೆಳವಣಿಗೆಗೂ ಮೂಲ. ತಳದೊಡನೆ ಇಳಿದ ನೀರು ಮೇಲಣ ಬಿಸಿಶಿಲೆಯನ್ನು ಸೇರಿ, ಅದರ ದ್ರವನಬಿಂದುವನ್ನು ತಗ್ಗಿಸುತ್ತದೆ. ಕರಗಿದ ಶಿಲಾಪಾಕವು ಮೇಲೇರುವಾಗ ಭಾರವಾದ ಖನಿಜಗಳು ಮೊದಲು ಹರಳುಗಟ್ಟಿ ಕೆಳಗುಳಿಯುತ್ತವೆ. ಹಗುರವಾದುದು ಭೂಖಂಡದ ಅಂಚಿಗೆ ಸೇರುತ್ತದೆ. ದಕ್ಷಿಣ ಅಮೆರಿಕದ ಆಂಡೀಸ್ ಶ್ರೇಣಿಯಲ್ಲಿ ಈ ಕಾರ್ಯ ಇಂದಿಗೂ ನಡೆಯುತ್ತಿದೆ.

ಹೀಗಾಗಿ ಪ್ರತಿ ಭೂಖಂಡದ ರಚನೆಯಲ್ಲಿಯೂ ಪ್ರಾಚೀನವಾದ ಗಟ್ಟಿ ನೆಲೆಗಳನ್ನೂ ಅವುಗಳ ಅಂಚಿನಲ್ಲಿ ಕಿರಿಯ ಪಟ್ಟಿಗಳನ್ನೂ ಕಾಣುತ್ತೇವೆ. ಕರ್ನಾಟಕದ ಬಹುಭಾಗವನ್ನು ಹೊತ್ತಿರುವ ಧಾರವಾಡ ಕ್ರೇಟಾನ್ ಅಂತಹದೊಂದು ನೆಲೆ. ಅದೂ ಒಮ್ಮೆಲೇ ಆದುದಲ್ಲ: ರಾಮನಗರದ ಬೆಟ್ಟಗಳ ಗ್ರಾನೈಟ್ ಅದರೊಳಗೆ ನುಗ್ಗಿ ಗಟ್ಟಿಯಾದುದು ಸುಮಾರು 250 ಕೋಟಿ ವರ್ಷಗಳ ಹಿಂದೆ. ಭೂಮಿಯ ಬಾಲ್ಯದಲ್ಲಿಯೂ ಭೂಖಂಡಗಳು ಇಂದಿನ ಕ್ರಮದಲ್ಲಿಯೇ ಬೆಳೆದುವೇ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆ ನಡೆದೇ ಇದೆ.

ವಿದ್ಯಾರ್ಥಿಗಳು ಕಟ್ಟಡದ ಕೆಲಸದಲ್ಲಿ ಬಿದ್ದ ಗ್ರಾನೈಟ್ ಚೂರೊಂದನ್ನು ತಂದು, ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿ ನೋಡಲಿ. ಸಾಪೇಕ್ಷ ಸಾಂದ್ರತೆ 2.7ರ ಸಮೀಪ ಬರುವುದು. ಮ್ಯಾಂಟಲಿನ 3.3ಕ್ಕೂ ಇದಕ್ಕೂ ಇರುವ ಆ ಅಲ್ಪ ಅಂತರವೇ ನಾವು ನಿಂತ ನೆಲವನ್ನು ಸಮುದ್ರದ ಮೇಲೆ ಎತ್ತಿ ಹಿಡಿದಿದೆ.