ನ್ಯಾನೋ ಕಣ, ಗಂಡಸಿನ ವೀರ್ಯ, ಅಡುಗೆಮನೆಯ ಅರಿಶಿನ

ಗೊಬ್ಬರದಂಗಡಿಗೆ ನ್ಯಾನೋ ಯೂರಿಯಾ ಬಂದದ್ದು 2021ರಲ್ಲಿ. ಈಗ 'ನ್ಯಾನೋ' ಹೆಸರಿನ ಬಾಟಲಿ, ಪುಡಿ ಹಲವು. "ಇದರಿಂದ ಗಂಡಸ್ತನಕ್ಕೆ ಪೆಟ್ಟಂತೆ, ಅರಿಶಿನ ತಿಂದ್ರೆ ಏನೂ ಆಗಲ್ಲಂತೆ" ಅನ್ನುವ ಮಾತು ನಮ್ಮ ಕಡೆ ಕೇಳಿಬರುತ್ತದೆ. ಎರಡೂ ಅರ್ಧ ಮಾತು. ನಾನು ಕಲಿತದ್ದು ಏಳನೇ ಇಯತ್ತೆ. ತಿಳಿದವರನ್ನು ಕೇಳಿ, ಓದಿ, ಅರ್ಥವಾದಷ್ಟನ್ನು ಬರೆದಿದ್ದೇನೆ.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಒಳಗಿನದು ನ್ಯಾನೋ ಕಣ. ತಲೆಗೂದಲಿನ ದಪ್ಪವೇ ಸುಮಾರು 80 ಸಾವಿರ! ಜೋಳ ತೂರುವಾಗಿನ ಧೂಳು ಬಹುಪಾಲು ಮೂಗಿನಲ್ಲೇ ನಿಲ್ಲುತ್ತದೆ. ಈ ಕಣ ಶ್ವಾಸಕೋಶದ ತಳ ಮುಟ್ಟಬಲ್ಲದು. ಅಲ್ಲಿಂದ ಸ್ವಲ್ಪ ರಕ್ತಕ್ಕೂ ಸೇರಬಹುದು.

ರಕ್ತದಲ್ಲಿನ ಕೆಟ್ಟದ್ದು ಒಳಗೆ ಬಾರದಂತೆ ವೃಷಣಕ್ಕೆ ಒಂದು ಬೇಲಿ ಇದೆ. ಬೆಳ್ಳಿ, ಸತುವಿನ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇವುಗಳ ನ್ಯಾನೋ ಕಣ ಕೊಟ್ಟ ಇಲಿಗಳಲ್ಲಿ ಆ ಬೇಲಿಗೂ ಪೆಟ್ಟು ಬಿದ್ದದ್ದು ಕಂಡಿದೆ. ವೀರ್ಯಾಣು ಕಡಿಮೆಯಾದವು, ಓಟ ನಿಧಾನವಾಯಿತು, ಆಕಾರ ಕೆಟ್ಟಿತು.

ಕಾರಣ ಇಷ್ಟು. ಶೇಂಗಾ ಎಣ್ಣೆ ಗಾಳಿಗೆ ಇಟ್ಟರೆ ಕಮಟು ಹಿಡಿಯುತ್ತದಲ್ಲ, ವೀರ್ಯಾಣುವಿನ ಹೊದಿಕೆಯಲ್ಲೂ ಅಂಥ ಕೊಬ್ಬು ಜಾಸ್ತಿ. ನ್ಯಾನೋ ಕಣ ದೇಹದಲ್ಲಿ ಆ ಕಮಟು ಹಿಡಿಸುವ ಕೆಲಸವನ್ನು ಚುರುಕು ಮಾಡುತ್ತದೆ. ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯ ಕ್ವೆರ್ಸೆಟಿನ್ ಇದನ್ನು ತಡೆಯುವ ಗುಣದವು. ಕಣದ ಜೊತೆ ಇವನ್ನೂ ಕೊಟ್ಟಾಗ ಇಲಿಗಳ ಹಾನಿ ತಗ್ಗಿದೆ.

ಹಾಗಂತ ಅರಿಶಿನ ನಂಬಿ ಕೂರಬಹುದೇ? ಲೆಕ್ಕ ಹಾಕೋಣ. ಇಲಿಗೆ ಕೆಜಿ ತೂಕಕ್ಕೆ 100 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟರು ಅಂತಿಟ್ಟುಕೊಳ್ಳಿ. ಮನುಷ್ಯನಿಗೆ ಅದರ ಆರನೇ ಒಂದು ಪಾಲು ಅಂತ ಹಿಡಿಯುವ ರೂಢಿ ಇದೆ. 60 ಕೆಜಿ ಆಳಿಗೆ ದಿನಕ್ಕೆ 1 ಗ್ರಾಂ ಆಯಿತು. ನೂರು ಗ್ರಾಂ ಅರಿಶಿನಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು 3 ಗ್ರಾಂ. ಅಂದರೆ ದಿನಾ 30 ಗ್ರಾಂಗೂ ಹೆಚ್ಚು ಪುಡಿ ತಿನ್ನಬೇಕು. ತಿಂದರೂ ಮೈಗೆ ಹತ್ತುವುದು ಕಡಿಮೆ. ಗಟ್ಟಿ ಮಾತ್ರೆ ನುಂಗುವುದೂ ಸುರಕ್ಷಿತವಲ್ಲ. ಅಂಥ ಅರಿಶಿನದ ಮಾತ್ರೆಗಳಿಂದ ಯಕೃತ್ತು ಕೆಟ್ಟ ಪ್ರಕರಣಗಳು 2019ರಲ್ಲಿ ಇಟಲಿಯಲ್ಲಿ ವರದಿಯಾದವು.

ಇನ್ನೊಂದು ಮಾತು. ನ್ಯಾನೋ ಯೂರಿಯಾದಲ್ಲಿರುವುದು ಯೂರಿಯಾ, ಲೋಹವಲ್ಲ. ಬೆಳ್ಳಿ, ಸತುವಿನ ಫಲಿತಾಂಶವನ್ನು ಅದರ ತಲೆಗೆ ಕಟ್ಟಬಾರದು. ಯಾವ ಬಾಟಲಿಯಾದರೂ ಚೀಟಿ ಓದಿಯೇ ಕೊಳ್ಳಬೇಕು.

ನಮ್ಮ ಕೈಯಲ್ಲಿರುವುದು ಕಣ ಒಳಗೆ ಹೋಗದಂತೆ ನೋಡಿಕೊಳ್ಳುವುದು. ಟವೆಲ್ ಸುತ್ತಿದರೆ ಸಾಲದು, ಎನ್-95 ಮಾಸ್ಕ್ ಬೇಕು. ಕೈಗವಸು ಹಾಕಿ, ಗಾಳಿಗೆ ಬೆನ್ನು ಕೊಟ್ಟು ಕಲಸಿ. ಹೊಡೆದ ಮೇಲೆ ಸ್ನಾನ ಮಾಡಿ, ಬಟ್ಟೆ ಬೇರೆ ಒಗೆಯಿರಿ.

ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು. ಆದ್ದರಿಂದ ವರದಿ ಕಡಿಮೆ ಬಂದರೆ ಔಷಧಿ ಹೊಡೆಯುವ ಕೆಲಸ ನಿಲ್ಲಿಸಿ, ವೈದ್ಯರನ್ನು ಕಂಡು, ಮೂರು ತಿಂಗಳ ಮೇಲೆ ಇನ್ನೊಮ್ಮೆ ನೋಡಿಸಬೇಕು. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೂ ನಮ್ಮ ಮನೆಗಳಲ್ಲಿ ಬೈಸಿಕೊಳ್ಳುವವಳು ಸೊಸೆಯೇ. ಬಿತ್ತುವ ಮೊದಲು ಬೀಜದ ಮೊಳಕೆ ನೋಡುವ ನಾವು, ಸೊಸೆಯನ್ನು ಗುಡಿಗುಡಿ ತಿರುಗಿಸುವ ಮೊದಲು ಮಗನ ವೀರ್ಯ ಪರೀಕ್ಷೆ ಮಾಡಿಸೋಣ.