ತರಗಿನ ಹೊಗೆಯೂ ಹೃದಯಾಘಾತವೂ

ಕಬ್ಬು ಕಟಾವಾದ ಮೇಲೆ ಗದ್ದೆಯಲ್ಲಿ ಉಳಿಯುವ ತರಗಿಗೆ (ಉತ್ತರದ ಜಿಲ್ಲೆಗಳಲ್ಲಿ ಇದನ್ನು ರವದಿಯೆನ್ನುವರು) ಬೆಂಕಿಯಿಟ್ಟರೆ ಗೊಬ್ಬರವು ನಷ್ಟವಾಗುವುದೆಂಬುದು ವ್ಯವಸಾಯಗಾರರಿಗೆ ಹೊಸ ಮಾತಲ್ಲ. ಹೊಗೆಯಿಂದ ಕೆಮ್ಮು, ಉಬ್ಬಸಗಳು ಹೆಚ್ಚುವುದನ್ನೂ ಎಲ್ಲರೂ ಬಲ್ಲರು. ಆದರೆ ಒಂದು ದಿನದ, ಕೆಲವೊಮ್ಮೆ ಒಂದೆರಡು ಗಂಟೆಗಳ ಹೊಗೆಯೇ ಹೃದಯಾಘಾತಕ್ಕೆ ಕಾರಣವಾಗಬಹುದೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ.

1952ನೆಯ ಇಸವಿ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ನಗರದಲ್ಲಿ ಗಾಳಿಯಾಡದೆ, ಕಲ್ಲಿದ್ದಲ ಹೊಗೆಯು ಮಂಜಿನೊಡನೆ ಬೆರೆತು ನೆಲದ ಮೇಲೆಯೇ ಕವಿದುಕೊಂಡಿತು. ವಾಡಿಕೆಗಿಂತ ಸುಮಾರು 4,000 ಮಂದಿ ಹೆಚ್ಚಾಗಿ ಮೃತಪಟ್ಟರೆಂದು ಆಗ ಲೆಕ್ಕ ಹಾಕಿದರು. ಅವರಲ್ಲಿ ಹೃದ್ರೋಗಿಗಳೂ ಇದ್ದರು. ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆಯಿತು. ಹೃದಯಾಘಾತಕ್ಕೆ ಗುರಿಯಾದ 772 ಮಂದಿಯನ್ನು ವಿಚಾರಿಸಿ, ನೋವು ಮೊದಲಾದ ವೇಳೆಯನ್ನು ಆ ಹೊತ್ತಿನ ಗಾಳಿಯ ಅಳತೆಯೊಡನೆ ಹೋಲಿಸಿ, 2001ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಘನ ಮೀಟರು ಗಾಳಿಯಲ್ಲಿ ನುಣ್ಣನೆಯ ಕಣಗಳು 25 ಮೈಕ್ರೋಗ್ರಾಮಿನಷ್ಟು ಏರಿದಲ್ಲಿ, ಎರಡು ಗಂಟೆಗಳೊಳಗಾಗಿ ಅಪಾಯವು ಹೆಚ್ಚುಕಡಮೆ ಒಂದೂವರೆ ಪಟ್ಟಾಗುವುದೆಂದು ಕಂಡುಬಂದಿತು. ಮುಂದಿನ ಅನೇಕ ಪರೀಕ್ಷೆಗಳಲ್ಲಿ ಅಂಕಿಗಳು ಇದಕ್ಕಿಂತ ಬಹಳ ಕಡಮೆಯಾಗಿಯೇ ಬಂದಿವೆ. ಸಂಬಂಧವು ಮಾತ್ರ ಸುಳ್ಳಾಗಲಿಲ್ಲ. ಗಟ್ಟಿಮುಟ್ಟಾದ ಆಳಿಗೆ ಒಂದು ದಿನದ ಹೊಗೆಯಿಂದ ಒದಗುವ ಅಪಾಯವು ಅತ್ಯಲ್ಪವೆಂಬುದನ್ನೂ ಹೇಳಬೇಕು. ಆದರೆ ಹೊಗೆಯು ಆಳನ್ನು ನೋಡಿ ಬೀಸುವುದಿಲ್ಲವಷ್ಟೆ.

ಈ ಕಣಗಳು ತಲೆಗೂದಲಿನ ದಪ್ಪದಲ್ಲಿ ಸುಮಾರು ಮೂವತ್ತನೆಯ ಒಂದು ಪಾಲು. ಶ್ವಾಸಕೋಶದ ತುತ್ತತುದಿಯವರೆಗೂ ಹೋಗಿ ಅಲ್ಲಿ ಉರಿಯೂತವನ್ನುಂಟುಮಾಡುವುವು. ಅದರಿಂದ ರಕ್ತವು ಹೆಪ್ಪುಗಟ್ಟುವ ಸ್ವಭಾವ ಹೆಚ್ಚಿ, ನಾಳಗಳು ಸಂಕುಚಿತವಾಗಿ, ರಕ್ತದ ಒತ್ತಡವೇರುವುದು. ಮೊದಲೇ ಕೊಬ್ಬು ಕಟ್ಟಿರುವ ನಾಳದಲ್ಲಿ ಆ ಕೊಬ್ಬಿನ ಪದರವು ಬಿರಿದರೆ, ಅಲ್ಲಿ ರಕ್ತವು ಗರಣೆಗಟ್ಟಿ ಹೃದಯದ ಮಾಂಸಖಂಡಕ್ಕೆ ರಕ್ತ ಹರಿಯುವುದು ನಿಂತುಹೋಗುವುದು.

ಸಂಜೆ ಗಾಳಿಯಿಳಿದ ಮೇಲೆ ತರಗಿಗೆ ಬೆಂಕಿಯಿಡುವ ವಾಡಿಕೆಯುಂಟು. ಬೆಂಕಿಯು ಹತೋಟಿಯಲ್ಲಿರುವುದು ನಿಜವೇ. ಆದರೆ ಚಳಿಗಾಲದಲ್ಲಿ ನೆಲದ ತಣ್ಣನೆಯ ಗಾಳಿಯು ಮೇಲೇಳದಿರುವುದರಿಂದ ಹೊಗೆಯು ರಾತ್ರಿಯೆಲ್ಲ ಊರಿನ ಮೇಲೆಯೇ ನಿಲ್ಲುವುದು. ಲಂಡನ್ನಿನಲ್ಲಾದುದೂ ಇದೇ. ಮೂಗಿಗೆ ಕಟ್ಟಿದ ಟವೆಲು ಬೂದಿಯನ್ನು ತಡೆದೀತೇ ಹೊರತು ಈ ಕಣಗಳನ್ನಲ್ಲ. ವೃದ್ಧರೂ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರೂ, ಹಿಂದೊಮ್ಮೆ ಹೃದಯಾಘಾತವಾದವರೂ ಹೊಗೆಯ ಬಳಿ ನಿಲ್ಲತಕ್ಕದ್ದಲ್ಲ; ಪಕ್ಕದ ಗದ್ದೆಗೆ ಹತ್ತಿದ ಬೆಂಕಿಯನ್ನು ಆರಿಸಲು ಓಡತಕ್ಕದ್ದಂತೂ ಅಲ್ಲ. ಎದೆ ಬಿಗಿತ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಇವು ಕಂಡಲ್ಲಿ, ವಾಯುವೆಂದು ಭಾವಿಸಿ ಶುಂಠಿಯ ಕಷಾಯ ಕುಡಿದು ಮಲಗದೆ, ಕೂಡಲೇ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಹೋಗತಕ್ಕದ್ದು. ಸಕ್ಕರೆ ಕಾಯಿಲೆಯವರಲ್ಲಿ ನೋವಿಲ್ಲದೆ ಬರಿಯ ಏದುಸಿರೇ ಲಕ್ಷಣವಾಗಿರುವುದೂ ಉಂಟು.

ಎಕರೆಯೊಂದಕ್ಕೆ ಸುಮಾರು 3ರಿಂದ 4 ಟನ್ ತರಗು ದೊರೆಯುವುದು. ಕೂಳೆ ಬೆಳೆಯಲ್ಲಿ ಇದನ್ನು ಸಾಲು ಬಿಟ್ಟು ಸಾಲಿಗೆ ಹರಡಿ, ಮೇಲೆ ಸಗಣಿಯ ಬಗ್ಗಡವನ್ನು ಚಿಮುಕಿಸಿ, ತರಗಿಲ್ಲದ ಸಾಲುಗಳಲ್ಲಿ ನೀರು ಹಾಯಿಸಬಹುದು. ತೇವವು ಉಳಿಯುವುದಲ್ಲದೆ ಕಳೆಯೂ ತಗ್ಗುವುದು. ಕ್ರಮೇಣ ತರಗು ಕೊಳೆತು ಮಣ್ಣಿಗೆ ಸೇರುವುದು.